ಲೆಕ್ಕಾಚಾರಿಯ ನಾನೂರ ಹನ್ನೆರಡು ಆಟಗಳು

ಪ್ರಪಂಚದಲ್ಲಿ ಇದುವರೆಗೆ ಹುಟ್ಟಿದ ಜಾಣರನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಸಾರ್ವಜನಿಕ ಗ್ರಂಥಾಲಯದ ಗುಮಾಸ್ತ ಲೆಕ್ಕಾಚಾರಿಯೊಬ್ಬನನ್ನೇ ಕೂರಿಸಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ? ಈ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ಭೂಮಂಡಲದಲ್ಲಿ ಒಬ್ಬನೇ, ಅವನು ಲೆಕ್ಕಾಚಾರಿ. ಇಪ್ಪತ್ತೆರಡು ವರ್ಷ ಪುಸ್ತಕಗಳ ಬೆನ್ನಿಗೆ ತಾರೀಖಿನ ಮುದ್ರೆ ಒತ್ತಿ ಒತ್ತಿ ಅವನ ಬಲ ಹೆಬ್ಬೆರಳು ಎಡದ್ದರ ಎರಡರಷ್ಟಾಗಿತ್ತು. ಆ ಒತ್ತಿನ ಸದ್ದಿಗೆ ಮೂರನೇ ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು. ನೀರು ಕುಡಿಯುವ ಮೊದಲೂ ಅವನು ಲೆಕ್ಕ ಹಾಕುತ್ತಿದ್ದುದರಿಂದ ಹೆತ್ತವರಿಟ್ಟ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿದು, ಜನರ ಬಾಯಲ್ಲಿ ಲೆಕ್ಕಾಚಾರಿಯೇ ನಿಂತಿತ್ತು.

ಇಂಥವನ ನೆಮ್ಮದಿ ಕೆಟ್ಟದ್ದು ಎದುರುಮನೆಯಿಂದ. ಅಲ್ಲಿದ್ದವನು ಅವನ ಹೆಂಡತಿಯ ತಮ್ಮ, ಫ್ರಿಜ್ ರಿಪೇರಿಯವನು. ಹೊಸ ಗೇಮ್ ಕನ್ಸೋಲ್ ಅಂಗಡಿಗೆ ಬಂದ ಮೊದಲ ದಿನವೇ ಈ ಬಾಮೈದ ಆರು ತಾಸು ಸಾಲಿನಲ್ಲಿ ನಿಂತು, ಮನೆಗೆ ಬರುವಷ್ಟರಲ್ಲಿ ಅದನ್ನು ಹದಿನಾರು ತಾಸು ಮಾಡಿಕೊಂಡು, ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಎತ್ತಿ ತಂದ. ಟೀವಿಗೆ ಜೋಡಿಸಿದ. ಬೀದಿಯನ್ನೆಲ್ಲ ಕರೆದ. ಆದರೆ ಆಡಲು ಆಟವಿರಲಿಲ್ಲ. ಹೊಸ ಪೆಟ್ಟಿಗೆಗೆ ಹೊಂದುವ ಆಟಗಳು ಆಗ ನಾಲ್ಕೇ. ಅವುಗಳ ಬೆಲೆ ಕೇಳಿದರೆ ಫ್ರಿಜ್ಜಿಗೂ ಜ್ವರ ಬರುತ್ತಿತ್ತು. ಪೆಟ್ಟಿಗೆ ಕೊಳ್ಳುವವರಿಲ್ಲವೆಂದು ಆಟ ಮಾಡುವವರು ಕಾಯುತ್ತಿದ್ದರು. ಆಟವಿಲ್ಲವೆಂದು ಪೆಟ್ಟಿಗೆ ಕೊಳ್ಳುವವರು ಕಾಯುತ್ತಿದ್ದರು. ಕಾಯದೆ ಮುನ್ನುಗ್ಗಿದ ವೀರ ಇಡೀ ಊರಿಗೆ ಬಾಮೈದನೊಬ್ಬನೇ. ಹೀಗಾಗಿ ಪೆಟ್ಟಿಗೆ ಹಚ್ಚಿದರೆ ಪರದೆಯ ಮೇಲೆ 'ಸ್ವಾಗತ' ಎಂದು ಮೂಡುತ್ತಿತ್ತು, ಹಿಂದೆ ಬಿಳಿ ಮೋಡಗಳು ತೇಲುತ್ತಿದ್ದವು. ಅಷ್ಟೇ. ಜನ ಸಾಲಾಗಿ ಕೂತು ಮೋಡ ನೋಡಿದರು.

"ಏನ್ ಕ್ಲಿಯರ್ರು ನೋಡಿ! ಮೋಡದ ಎಳೆಎಳೆ ಎಣಿಸ್ಬೋದು," ಎಂದ ಬಾಮೈದ.

"ಮಳೆ ಯಾವಾಗ ಬರತ್ತಪ್ಪಾ?" ಎಂದು ಗಂಭೀರವಾಗಿ ಕೇಳಿದರು ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು.

ಮಳೆ ಬರಲಿಲ್ಲ, ಆದರೆ ಬೀದಿಯಲ್ಲಿ ಬಾಮೈದನ ಬೆಲೆ ಏರಿತು. ಲೆಕ್ಕಾಚಾರಿಗೆ ಅದನ್ನು ಸಹಿಸಲಾಗಲಿಲ್ಲ. ಮನೆಗೆ ಬಂದವನೇ ಮೊಬೈಲು ತೆಗೆದು ಹುಡುಕಿದ. 'ನಾನೂರ ಹನ್ನೆರಡು ಆಟಗಳು, ಒಂದೇ ಚಂದಾ' ಎಂಬ ಜಾಹೀರಾತು ಸಿಕ್ಕಿತು. ಹೆಬ್ಬೆರಳಿನಿಂದ ಒಂದೇ ಒತ್ತು. ವರ್ಷದ ಚಂದಾ ಕಟ್ಟಿ, ಬೀದಿಗೆ ಬಂದು ಸಾರಿದ:

"ಅವನ ಹತ್ರ ಸೊನ್ನೆ ಆಟ. ನನ್ನ ಹತ್ರ ನಾನೂರ ಹನ್ನೆರಡು. ಪೆಟ್ಟಿಗೆ ನಾಳೆ ನಾಡಿದ್ದು ಬರತ್ತೆ."

ಪೆಟ್ಟಿಗೆ ಬರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಚಂದಾ ಎಂದರೇನೆಂದು ಅವನಿಗಿಂತ ಬಲ್ಲವರು ಯಾರು? ಗ್ರಂಥಾಲಯಕ್ಕೆ ಸದಸ್ಯ ಚಂದಾ ಕಟ್ಟುತ್ತಾನೆ. ಪುಸ್ತಕ, ಮೇಜು, ಕುರ್ಚಿ, ಫ್ಯಾನು, ದೀಪ ಎಲ್ಲ ಗ್ರಂಥಾಲಯದ್ದು. ಹತ್ತು ದಿನ ಅವನು ಅಂಚೆಯವನ ಸೈಕಲ್ ಗಂಟೆಗೆ ಎದ್ದು ಎದ್ದು ನಿಂತ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಕೊಂಡು ಕೂತಿದೀರಲ್ರೀ," ಎಂದಳು ಹೆಂಡತಿ.

ಹನ್ನೊಂದನೇ ದಿನ ಅವನು ಕಂಪನಿಗೆ ಫೋನ್ ಮಾಡಿದ. ಆ ಕಡೆಯ ಹುಡುಗಿಯ ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಸರ್, ನಿಮ್ಮ ಹತ್ರ ಯಾವ ಕನ್ಸೋಲ್ ಇದೆ?"

"ಅದನ್ನೇ ನಾನು ಕೇಳ್ತಿರೋದಮ್ಮ. ಯಾವುದು ಕಳಿಸಿದೀರಿ?"

"ಕನ್ಸೋಲ್ ನೀವೇ ತಗೋಬೇಕು ಸರ್. ನಮ್ಮ ಚಂದಾ ಆಟಗಳಿಗೆ ಮಾತ್ರ."

"ಲೈಬ್ರರಿಗೆ ಚಂದಾ ಕಟ್ಟಿದೋನು ಕುರ್ಚಿ ಮನೆಯಿಂದ ಹೊತ್ಕೊಂಡ್ ಬರ್ತಾನೇನಮ್ಮಾ?"

ಆ ಕಡೆ ಕೀಲಿಮಣೆ ಟಕಟಕ ಎಂದಿತು. ಆಮೇಲೆ, "ಸರ್, ಕುರ್ಚಿ ವಿಚಾರಕ್ಕೆ ಬೇರೆ ವಿಭಾಗಕ್ಕೆ ಕನೆಕ್ಟ್ ಮಾಡ್ಲಾ?"

ಬೇರೆಯವನಾಗಿದ್ದರೆ ಅಲ್ಲಿಗೇ ತಲೆ ತಗ್ಗಿಸುತ್ತಿದ್ದ. ಲೆಕ್ಕಾಚಾರಿ ಆ ಮಧ್ಯಾಹ್ನವೆಲ್ಲ ಓದುವ ಕೋಣೆಯಲ್ಲಿ ಕೂತು, ವಾಣಿಜ್ಯ ಪತ್ರಿಕೆಗಳ ಧೂಳು ಹಾರಿಸಿ, ಸಂಜೆ ಕ್ಷೌರದಂಗಡಿಗೆ ಬರುವ ಹೊತ್ತಿಗೆ ಅರ್ಥಶಾಸ್ತ್ರಜ್ಞನಾಗಿದ್ದ.

"ನೋಡಿ, ಕಂಪ್ನಿಯವರು ಪೆಟ್ಟಿಗೇನ ನಷ್ಟಕ್ಕೆ ಮಾರ್ತಾರೆ. ಲಾಭ ಎಲ್ಲ ಇರೋದು ಚಂದಾದಲ್ಲಿ. ಪತ್ರಿಕೇಲೇ ಇದೆ. ಈಗ ಹೇಳಿ, ಬುದ್ಧಿ ಇರೋನು ಲಾಭದ ಕಡೆ ನಿಲ್ತಾನೋ, ನಷ್ಟದ ಕಡೆ ನಿಲ್ತಾನೋ?"

ಕ್ಷೌರಿಕ ಕತ್ತರಿ ನಿಲ್ಲಿಸಿದ. "ಲಾಭದ ಕಡೆ."

"ಅದಕ್ಕೇ ನಾನು ಪೆಟ್ಟಿಗೆ ತಗೊಳ್ಳಲಿಲ್ಲ."

ಅಂಗಡಿಯಲ್ಲಿದ್ದವರೆಲ್ಲ ಕನ್ನಡಿಯೊಳಗಿಂದಲೇ ಅವನಿಗೆ ತಲೆಬಾಗಿದರು. ಆ ಲಾಭ ಯಾರದೆಂದು ಕೇಳುವ ಅವಿವೇಕಿ ಒಬ್ಬನೂ ಹುಟ್ಟಲಿಲ್ಲ. ವಾರದೊಳಗೆ ಕ್ಷೌರಿಕ, ಅಂಚೆಯವನು, ಮಹಡಿ ಮೇಲಿನ ವಿಧವೆ ಅತ್ತೆಮ್ಮ, ಹೀಗೆ ಐದು ಮನೆಯವರು ಚಂದಾ ಕಟ್ಟಿದರು. ಐದು ಮನೆಯಲ್ಲೂ ಪೆಟ್ಟಿಗೆಯಿಲ್ಲ. ಬೀದಿಯ ಒಟ್ಟು ಆಟಗಳ ಸಂಖ್ಯೆ ಎರಡು ಸಾವಿರ ದಾಟಿತು, ಆಡಿದವರ ಸಂಖ್ಯೆ ಸೊನ್ನೆಯಲ್ಲೇ ನಿಂತಿತು. "ಬೇಕಂದಾಗ ಆಡ್ಬೋದು ಅನ್ನೋ ಧೈರ್ಯ ಇದೆಯಲ್ಲ, ಅದು ಸಾಕು ನಂಗೆ," ಎಂದರು ಅತ್ತೆಮ್ಮ.

ಬಾಮೈದ ರಸ್ತೆಯಾಚೆಯಿಂದ ಕೂಗಿದ: "ಭಾವ! ನೀರಿಲ್ದೆ ಈಜು ಕಲಿತೋರನ್ನ ನಿಮ್ಮನ್ನೇ ನೋಡಿದ್ದು!"

"ನಿಂದು ಬರೀ ಬಾವಿ ಕಣಯ್ಯಾ! ನೀರೆಲ್ಲಿ?"

ಅಂದಿನಿಂದ ಎರಡು ಮನೆಗಳ ಗಂಡಸರು ಮಾತು ಬಿಟ್ಟರು. ಹೆಂಡತಿ ನಡುರಸ್ತೆಯಲ್ಲಿ ನಿಂತು, "ಒಬ್ಬನಿಗೆ ಹಲ್ಲಿದೆ ಕಡಲೆ ಇಲ್ಲ, ಇನ್ನೊಬ್ಬನಿಗೆ ಕಡಲೆ ಇದೆ ಹಲ್ಲಿಲ್ಲ. ಇಬ್ಬರಿಗೂ ನಾಚಿಕೆ ಮಾತ್ರ ಇಲ್ಲ," ಎಂದು ಹೇಳಿ ಒಳಗೆ ಹೋದಳು.

ಅವಳ ಚಿಂತೆ ಬೇರೆಯೇ ಇತ್ತು. ಒಳಕೋಣೆಯಲ್ಲಿ ಅವಳ ಅಪ್ಪ ಇದ್ದರು. ಮಗನ ಮನೆ ತುಂಬ ಕೆಟ್ಟ ಫ್ರಿಜ್ಜುಗಳಿದ್ದುದರಿಂದ ಅವರು ಮಗಳ ಮನೆಯಲ್ಲಿದ್ದರು. ಮೂವತ್ತನಾಲ್ಕು ವರ್ಷ ಸಿಟಿ ಬಸ್ಸು ಓಡಿಸಿದವರು. ಆ ಮೂವತ್ತನಾಲ್ಕು ವರ್ಷದಲ್ಲಿ ಅವರ ಬಸ್ಸಿಗೆ ಒಂದು ಇರುವೆಯೂ ಸಿಕ್ಕಿ ಸತ್ತಿರಲಿಲ್ಲ. ಅವರ ಬಸ್ಸು ನೋಡಿ ಜನ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಎಂಟು ತಿಂಗಳ ಹಿಂದೆ ಕಣ್ಣಿನ ಪರೀಕ್ಷೆಯಲ್ಲಿ ಕೆಳಗಿನ ಎರಡು ಸಾಲು ಓದಲಾಗದೆ ಅವರ ಲೈಸೆನ್ಸ್ ಹೋಯಿತು. ಅಂದು ಮನೆಗೆ ಬಂದು, "ಬೇರೆಯೋನು ಓಡಿಸೋ ಬಸ್ಸು ನಾನು ಹತ್ತಲ್ಲ. ನಡೆಯೋದು ಬಸ್ಸು ತಪ್ಪಿಸ್ಕೊಂಡೋರ ಕೆಲಸ," ಎಂದು ಹೇಳಿ ಕೋಣೆ ಸೇರಿದವರು ಹೊಸ್ತಿಲು ದಾಟಿರಲಿಲ್ಲ. ಮಾತೂ ನಿಂತಿತ್ತು. ಡಾಕ್ಟರು ಬಂದು ನೋಡಿ, "ದೇಹಕ್ಕೇನೂ ಆಗಿಲ್ಲ. ಹೀಗೇ ಕೂತಿದ್ರೆ ಆಗತ್ತೆ," ಎಂದು ಹೋಗಿದ್ದರು.

ಇನ್ನು ಲೆಕ್ಕಾಚಾರಿಯ ಸಂಜೆಗಳು. ಆಡಲಾಗದ ಆಟಗಳನ್ನು ಏನು ಮಾಡುವುದು? ಅವನು ಗ್ರಂಥಾಲಯದವನು, ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದ. ದಿನಕ್ಕೆ ಐವತ್ತು. ಚಂದಾದಾರರೆಲ್ಲ ಬಂದು ಕೂತು ಕೇಳುತ್ತಿದ್ದರು. ಐದನೆಯ ಸಂಜೆ ಅವನು ಓದಿದ:

"ಇನ್ನೂರ ಹದಿನಾರು, ಕತ್ತಿ ಯುದ್ಧ. ಇನ್ನೂರ ಹದಿನೇಳು, ಸಿಟಿ ಬಸ್ ಚಾಲನೆ. ಇನ್ನೂರ ಹದಿನೆಂಟು..."

"ಯಾವ ರೂಟು?"

ದನಿ ಒಳಕೋಣೆಯಿಂದ ಬಂತು. ಹೆಂಡತಿಯ ಕೈಯ ಲೋಟ ಜಾರಿ ಬಿದ್ದು, ಉರುಳಿ, ಬಾಗಿಲ ಬಳಿ ನಿಂತಿತು. ಯಾರೂ ಎತ್ತಲಿಲ್ಲ.

"ಏನ್ ಹೇಳಿದ್ರಿ ಮಾವ?"

"ಸಿಟಿ ಬಸ್ ಅಂದ್ರಲ್ಲ ಅಳಿಯಂದ್ರೆ. ಯಾವ ರೂಟು? ಎಷ್ಟು ಸ್ಟಾಪು?"

"ಎಲ್ಲಾ ರೂಟೂ ಇದೆ ಮಾವ. ನೀವೇ ಓಡಿಸ್ಬೋದು," ಎಂದ ಲೆಕ್ಕಾಚಾರಿ. ಪೆಟ್ಟಿಗೆಯ ನೆನಪು ಅವನಿಗೆ ಆ ಗಳಿಗೆಯಲ್ಲಿ ಇರಲಿಲ್ಲ.

"ಹಂಗಾದ್ರೆ ನನ್ ಯೂನಿಫಾರಂ ಇಸ್ತ್ರಿ ಮಾಡ್ಸಿ."

ಹೆಂಡತಿ ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಒಣಗಿತ್ತು. "ಎಂಟು ತಿಂಗಳಾದ್ಮೇಲೆ ಬಾಯಿ ಬಿಟ್ಟಿದಾರೆ. ಈಗ ನಿಮ್ಮ ಪೆಟ್ಟಿಗೆ ಇಲ್ಲ ಅಂತ ಗೊತ್ತಾಗಿ ಮತ್ತೆ ಬಾಗಿಲು ಹಾಕ್ಕೊಂಡ್ರೆ, ನೋಡಿ, ನಾನೂ ಅದೇ ಕೋಣೆ ಸೇರ್ತೀನಿ. ಅಡುಗೆ ನಿಮ್ಮ ನಾನೂರ ಹನ್ನೆರಡು ಆಟ ಮಾಡ್ಲಿ."

ಸಾಲದ್ದಕ್ಕೆ ಮರುದಿನ ಮೊಬೈಲಿನಲ್ಲಿ ಸೂಚನೆ ಬಂತು: ಇನ್ನೂರ ಹದಿನೇಳನೆಯ ಆಟ ಮೂವತ್ತನೇ ತಾರೀಖು ಸಂಜೆ ಐದೂವರೆಗೆ ಪಟ್ಟಿಯಿಂದ ಹೊರಹೋಗುತ್ತದೆ. ಇನ್ನು ಉಳಿದದ್ದು ಮೂರೇ ದಿನ. ಲೆಕ್ಕಾಚಾರಿ ಮತ್ತೆ ಫೋನ್ ಹಚ್ಚಿದ.

"ಯಾರಮ್ಮ ಅದನ್ನ ತಗೊಂಡು ಹೋಗ್ತಿರೋದು? ವಾಪಸ್ ಯಾವತ್ತು ಕೊಡ್ತಾರೆ? ನನ್ನ ಹೆಸರು ಕಾಯ್ದಿರಿಸಿ."

"ಯಾರೂ ತಗೊಂಡು ಹೋಗಲ್ಲ ಸರ್. ಒಪ್ಪಂದ ಮುಗಿಯತ್ತೆ, ಆಟ ಹೋಗತ್ತೆ."

"ಚಂದಾ ವರ್ಷಕ್ಕೆ ಕಟ್ಟಿದೀನಲ್ಲಮ್ಮಾ!"

"ಚಂದಾ ಇರತ್ತೆ ಸರ್. ಆಟ ಇರಲ್ಲ."

ಇಪ್ಪತ್ತೆರಡು ವರ್ಷ ಜನರಿಂದ ಪುಸ್ತಕ ವಾಪಸ್ ಕಸಿದುಕೊಂಡವನಿಗೆ, ಕೊಟ್ಟದ್ದನ್ನು ಕಸಿದುಕೊಳ್ಳುವವರ ಮುಂದೆ ನಿಲ್ಲುವುದು ಹೇಗಿರುತ್ತದೆಂದು ಅಂದು ತಿಳಿಯಿತು.

ದಾರಿ ಒಂದೇ ಇತ್ತು, ಅದು ಹನ್ನೆರಡು ಹೆಜ್ಜೆಯ ರಸ್ತೆ. ಆದರೆ ಯಾರು ದಾಟಬೇಕು? ಹೆಡ್‌ಮೇಷ್ಟ್ರು ರಾಯಭಾರಿಯಾದರು. ಎರಡು ದಿನ ಆಚೆ ಈಚೆ ಓಡಾಡಿ ಅವರ ಚಪ್ಪಲಿ ಸವೆದು ಕಾಗದವಾಯಿತು.

"ಅಪ್ಪನ್ನ ಇಲ್ಲಿಗೆ ಕರ್ಕೊಂಡ್ ಬರ್ಲಿ. ಪೆಟ್ಟಿಗೆ ಹೊಸ್ತಿಲು ದಾಟಲ್ಲ," ಎಂದ ಬಾಮೈದ.

"ಮಾವ ಹೊಸ್ತಿಲು ದಾಟೋ ಹಾಗಿದ್ರೆ ಪೆಟ್ಟಿಗೆ ಯಾಕೆ ಬೇಕಿತ್ತು ಅಂತ ಕೇಳಿ," ಎಂದ ಲೆಕ್ಕಾಚಾರಿ.

ಇದನ್ನು ಕೇಳಿ ಬಾಮೈದ ದಿಂಬು ಹುಡುಕತೊಡಗಿದ. ಮೂವತ್ತರ ಬೆಳಗ್ಗೆ ಪೆಟ್ಟಿಗೆ ಫ್ರಿಜ್ ಸಾಗಿಸುವ ತಳ್ಳುಗಾಡಿಯ ಮೇಲೆ, ಎರಡು ದಿಂಬಿನ ನಡುವೆ, ಪಟ್ಟಿಯಿಂದ ಬಿಗಿಸಿಕೊಂಡು ರಸ್ತೆ ದಾಟಿತು. ಹನ್ನೆರಡು ಹೆಜ್ಜೆ ದಾಟಲು ಕಾಲು ಗಂಟೆ ಹಿಡಿಯಿತು. ಮೀನು ಮಾರುವವಳು ಸೈಕಲ್ ನಿಲ್ಲಿಸಿ ದಾರಿ ಬಿಟ್ಟಳು.

"ಪೆಟ್ಟಿಗೆ ಬಂದಿಲ್ಲ, ಭೇಟಿ ಕೊಟ್ಟಿದೆ. ಅಷ್ಟೇ," ಎಂದ ಬಾಮೈದ ಗೋಡೆ ನೋಡುತ್ತ.

"ಎಲ್ರೂ ಆ ಕಡೆ ತಿರುಗಿ. ಪಾಸ್‌ವರ್ಡ್ ಹಾಕ್ಬೇಕು," ಎಂದ ಲೆಕ್ಕಾಚಾರಿ ಪರದೆ ನೋಡುತ್ತ. ಒಂಬತ್ತು ಜನ ಗೋಡೆಗೆ ಮುಖ ಮಾಡಿ ನಿಂತರು. ಅವನು ಒತ್ತಿದ ಅಕ್ಷರಗಳನ್ನೆಲ್ಲ ಬಾಯಿಬಿಟ್ಟು ಹೇಳಿಕೊಂಡೇ ಒತ್ತಿದ.

ಆಟ ಇಂಟರ್ನೆಟ್ಟಿನಿಂದ ಪೆಟ್ಟಿಗೆಗೆ ಇಳಿಯತೊಡಗಿತು. ಹತ್ತು ಗಂಟೆಗೆ ನೂರಕ್ಕೆ ಮೂರು. ಹನ್ನೆರಡಕ್ಕೆ ಇಪ್ಪತ್ತೆಂಟು. ಬೀದಿ ಊಟ ಮಾಡಿ ಬಂತು, ನಲವತ್ತೇಳು. ಎಂಬತ್ತರ ಹತ್ತಿರ ಬಂದಾಗ ಭಾವ ಬಾಮೈದ ಇಬ್ಬರೂ, ತಮಗೆ ತಿಳಿಯದೆ, ಒಂದೇ ದಿವಾನದ ಮೇಲೆ ಕೂತು ಒಂದೇ ಬೀಸಣಿಗೆಯ ಗಾಳಿಗೆ ಕತ್ತು ಚಾಚಿದ್ದರು. ನೂರಾದಾಗ ನಾಲ್ಕು ಗಂಟೆ.

ಒಳಕೋಣೆಯ ಬಾಗಿಲು ತೆರೆಯಿತು. ಮಾವ ಇಸ್ತ್ರಿ ಮಾಡಿದ ಯೂನಿಫಾರಂನಲ್ಲಿ ನಿಂತಿದ್ದರು. ಅಂಗಿ ಎರಡು ಬೆರಳು ಸಡಿಲವಾಗಿತ್ತು. ಅವರು ಯಾರನ್ನೂ ನೋಡದೆ ಟೀವಿಯ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಮೇಜಿನ ನಾಲ್ಕು ಕಾಲನ್ನೂ ಒಂದೊಂದಾಗಿ ಒದ್ದು ನೋಡಿದರು. ಆಮೇಲೆ ಕೈಗೆ ಕೊಟ್ಟ ರಿಮೋಟನ್ನು ತಿರುಗಿಸಿ ನೋಡಿ, "ಸ್ಟೀರಿಂಗ್ ಎಲ್ಲಿ?" ಎಂದರು.

ಬಾಮೈದ ಅಕ್ಕನ ಅಡುಗೆಮನೆಯ ಅತಿ ದೊಡ್ಡ ತಟ್ಟೆ ತಂದು, ಅದರ ಹಿಂದೆ ರಿಮೋಟನ್ನು ಟೇಪಿನಿಂದ ಸುತ್ತಿದ. ತಟ್ಟೆ ತಿರುಗಿಸಿದರೆ ಪರದೆಯ ಬಸ್ಸು ತಿರುಗಿತು. ಫ್ರಿಜ್ ರಿಪೇರಿಯವನ ಇಡೀ ಜೀವನದಲ್ಲಿ ಇದಕ್ಕಿಂತ ದೊಡ್ಡ ಕೆಲಸ ನಡೆದಿಲ್ಲ, ಮುಂದೆ ನಡೆಯುವುದೂ ಇಲ್ಲ.

"ಖಾಲಿ ಬಸ್ಸು ಡಿಪೋ ಬಿಡಲ್ಲ," ಎಂದರು ಮಾವ.

ಕುರ್ಚಿಗಳು ಬಂದವು. ಎರಡೆರಡರ ಸಾಲು, ನಡುವೆ ದಾರಿ. ಕ್ಷೌರಿಕ, ಅಂಚೆಯವನು, ಹೆಡ್‌ಮೇಷ್ಟ್ರು, ಇನ್ನುಳಿದವರು ಕೂತರು. ಅತ್ತೆಮ್ಮ ಕಿಟಕಿ ಪಕ್ಕವೇ ಬೇಕೆಂದು ಹಟ ಹಿಡಿದರು. ಲೆಕ್ಕಾಚಾರಿಯೇ ಕಂಡಕ್ಟರ್. ಅವನು ಗ್ರಂಥಾಲಯದ ಚೀಟಿಗಳಿಗೆ ಮುದ್ರೆ ಒತ್ತಿ ಎಲ್ಲರಿಗೂ ಟಿಕೆಟ್ ಹರಿದುಕೊಟ್ಟ.

"ಎಲ್ಲಿಗೆ?"

"ಕೊನೇ ಸ್ಟಾಪು."

ಮಾವ ಬಸ್ಸು ಬಿಟ್ಟರು. ತಾಸಿಗೆ ಮೂವತ್ತು ಕಿಲೋಮೀಟರು. ಮೂವತ್ತೊಂದಲ್ಲ, ಇಪ್ಪತ್ತೊಂಬತ್ತಲ್ಲ. ಕೆಂಪು ದೀಪಕ್ಕೆ ನಿಂತರು. ಹಳದಿಗೂ ನಿಂತರು. ಪ್ರತಿ ಸ್ಟಾಪಿನಲ್ಲಿ ಪರದೆಯ ಜನ ಹತ್ತಿದ ಮೇಲೂ, ಇನ್ನೊಬ್ಬ ದೂರದಿಂದ ಓಡಿ ಬರಬಹುದೆಂದು ಎಣಿಸಿ ಇಪ್ಪತ್ತು ಎಣಿಕೆ ಹೆಚ್ಚೇ ಕಾದರು. ಅವರ ಕಣ್ಣು, ಪರೀಕ್ಷೆಯ ಕೆಳಗಿನ ಎರಡು ಸಾಲು ಕಾಣದ ಆ ಕಣ್ಣು, ದಾರಿ ಬಿಟ್ಟು ಅಲುಗಲಿಲ್ಲ. ಕುರ್ಚಿಗಳಲ್ಲಿದ್ದವರು ತಿರುವಿಗೆ ತಕ್ಕಂತೆ ವಾಲಿದರು. ಹೆಂಡತಿ ಕಂಬ ಹಿಡಿದವಳ ಹಾಗೆ ಬಾಗಿಲಿನ ಚೌಕಟ್ಟು ಹಿಡಿದು ನಿಂತು, ಸೆರಗಿನಿಂದ ಮೂಗು ಒರೆಸಿಕೊಂಡಳು.

ಐದು ಇಪ್ಪತ್ತಾಯಿತು. ಇನ್ನೂ ಐದು ಸ್ಟಾಪು.

"ಮಾವ, ಸ್ವಲ್ಪ ಜೋರಾಗಿ..."

"ಕಂಡಕ್ಟರು ಡ್ರೈವರ್ ಹತ್ರ ಮಾತಾಡ್ಬಾರ್ದು. ತಲೆ ಮೇಲೆ ಬರೆದಿರತ್ತೆ ನೋಡಿ."

"ಅಪ್ಪಾ, ಐದೂವರೆಗೆ ಆಟ ಹೋಗತ್ತೆ ಕಣಪ್ಪಾ!"

"ಜೋರಾಗಿ ಹೋದ್ರೆ ಓಡಿ ಬರೋನಿಗೆ ಬಸ್ಸು ಸಿಗಲ್ಲ ಮಗಾ."

ಐದು ಇಪ್ಪತ್ತೊಂಬತ್ತಕ್ಕೆ ಎರಡು ಸ್ಟಾಪು ಬಾಕಿ. ಮುಂದೆ ಒಬ್ಬ ಮುದುಕಿ ಕೈ ಅಡ್ಡ ಹಾಕಿದಳು. ಮಾವ ನಿಲ್ಲಿಸಿದರು. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟಳು. ಪರದೆ ಕಪ್ಪಾಯಿತು. 'ಈ ಆಟ ಈಗ ನಿಮ್ಮ ಚಂದಾದಲ್ಲಿ ಲಭ್ಯವಿಲ್ಲ.' ಆಮೇಲೆ ನೀಲಿ, ಸ್ವಾಗತ, ಮೋಡಗಳು.

ಕೋಣೆಯಲ್ಲಿ ಎಲ್ಲರೂ ಮಾವನ ಬೆನ್ನು ನೋಡಿದರು. ಆ ಬೆನ್ನು ಒಳಕೋಣೆಯ ಕಡೆ ತಿರುಗುವುದನ್ನು ನೋಡಲಾರದೆ ಲೆಕ್ಕಾಚಾರಿ ಕಣ್ಣು ಮುಚ್ಚಿಕೊಂಡ.

ಮಾವ ತಟ್ಟೆಯನ್ನು ಕೆಳಗಿಟ್ಟರು. ಎದ್ದರು. ಅಂಗಿ ಎಳೆದುಕೊಂಡು ತಿರುಗಿದರು.

"ಯಾರೂ ಗಾಬರಿಯಾಗ್ಬೇಡಿ. ಗಾಡಿ ಕೆಟ್ಟಿದೆ. ನಿಧಾನವಾಗಿ ಇಳೀರಿ. ಮೊದಲು ಹೆಂಗಸರು. ಹಿಂದಿನ ಬಸ್ಸಿಗೆ ಹತ್ತಿಸ್ತೀನಿ. ಕಂಡಕ್ಟ್ರೆ, ಜನ ಎಣಿಸ್ಕೊಳ್ಳಿ."

"ಅಪ್ಪಾ, ನಾವು ಮನೇಲೇ ಇದೀವಿ," ಎಂದ ಬಾಮೈದ ಮೆಲ್ಲಗೆ.

"ಟಿಕೆಟ್ ಎಲ್ಲೀವರೆಗೆ ಕೊಟ್ಟಿದೀವಿ? ಕೊನೇ ಸ್ಟಾಪಿಗೆ. ಮುಟ್ಟಿಸ್ಬೇಕಲ್ಲ?"

ಹನ್ನೊಂದು ಜನ ಸಾಲಾಗಿ ಇಳಿದರು. ಮಾವ ಬಾಗಿಲಲ್ಲಿ ನಿಂತು ಅತ್ತೆಮ್ಮನ ಕೈ ಹಿಡಿದು ಇಳಿಸಿ, ತಾವೂ ಹೊಸ್ತಿಲು ದಾಟಿದರು. ದಾಟಿದ್ದು ಅವರಿಗೆ ಗೊತ್ತಾಗಲಿಲ್ಲ. ಉಳಿದವರಿಗೆಲ್ಲ ಗೊತ್ತಾಯಿತು, ಯಾರೂ ಕೆಮ್ಮಲೂ ಇಲ್ಲ. ಮುಖ್ಯರಸ್ತೆಗೆ ಬಂದು ಅವರು ನಡುವೆ ನಿಂತು ಬಲಗೈ ಅಡ್ಡ ಚಾಚಿದರು. ಭೂಮಿ ತಿರುಗುವುದನ್ನೂ ನಿಲ್ಲಿಸಬಲ್ಲ ಕೈ ಅದು. ನಿಜವಾದ ಸಿಟಿ ಬಸ್ಸೊಂದು ಕಿರುಗುಟ್ಟಿ ನಿಂತಿತು.

ಡ್ರೈವರ್ ತಲೆ ಹೊರಹಾಕಿದ. ಬೈಯಲು ತೆರೆದ ಬಾಯಿ ಯೂನಿಫಾರಂ ನೋಡಿ ಮುಚ್ಚಿತು. "ಏನಾಯ್ತಣ್ಣಾ?"

"ಗಾಡಿ ಕೆಟ್ಟಿದೆ. ಹನ್ನೊಂದು ಜನ, ಎಲ್ಲಾ ಕೊನೇ ಸ್ಟಾಪು."

"ಗಾಡಿ ಎಲ್ಲಿದೆ?"

"ಹಿಂದಿನ ಬೀದಿ. ಎಡಗಡೆ ಎರಡನೇ ಮನೆ."

ಡ್ರೈವರ್ ಮಾವನನ್ನು ನೋಡಿದ. ಅವರ ಹಿಂದೆ ಮನೆ ಬಟ್ಟೆಯಲ್ಲಿ, ಬರಿಗಾಲಲ್ಲಿ, ಗ್ರಂಥಾಲಯದ ಚೀಟಿ ಹಿಡಿದು ನಿಂತ ಜನರನ್ನು ನೋಡಿದ. ಹೆಂಡತಿ ಅವನತ್ತ ಕೈ ಮುಗಿದಳು.

"ಹತ್ಸಿ ಅಣ್ಣಾ," ಎಂದ.

ಎಲ್ಲರೂ ಹತ್ತಿದರು. ಮಾವ ಕೆಳಗೇ ನಿಂತರು.

"ಬಾರಪ್ಪಾ," ಎಂದಳು ಮಗಳು ಮೆಟ್ಟಿಲ ಮೇಲಿಂದ.

"ಜನ ಹೋಗ್ತಾರೆ. ಡ್ರೈವರು ಕೆಟ್ಟ ಗಾಡಿ ಹತ್ರ ಇರ್ತಾನೆ. ಅದೇ ರೂಲು." ಅವರು ಮನೆಯ ಕಡೆ ತಿರುಗಿದರು.

ಲೆಕ್ಕಾಚಾರಿ ಬಸ್ಸಿನಿಂದ ಧುಮುಕಿದ. "ಮಾವ! ಯಾವ ಗಾಡಿ ಹತ್ರ ಇರ್ತೀರಿ? ಗಾಡಿ ಇಲ್ಲ. ಕಂಪ್ನಿಯೋರು ತಗೊಂಡು ಹೋದ್ರು. ನಾನೂರ ಹನ್ನೆರಡ್ರಲ್ಲಿ ಒಂದೂ ನಂದಲ್ಲ ಮಾವ. ಯಾವತ್ತೂ ನಂದಾಗಿರ್ಲಿಲ್ಲ. ಪೆಟ್ಟಿಗೆ ಬೇಕು ಅಂತಾನೂ ನಂಗೆ ಗೊತ್ತಿರ್ಲಿಲ್ಲ."

ಬಸ್ಸಿನೊಳಗೆ ಐದು ಚಂದಾದಾರರು ಒಬ್ಬರ ಮುಖ ಒಬ್ಬರು ನೋಡಿದರು. ಕಿಟಕಿಯಿಂದ ಬಾಮೈದನ ತಲೆ ಹೊರಬಂತು.

"ನನ್ನ ಪೆಟ್ಟಿಗೇಲೂ ಏನಿಲ್ಲ ಅಪ್ಪಾ. ಬರೀ ಮೋಡ."

ಮಾವ ಅಳಿಯನನ್ನು ದೀರ್ಘವಾಗಿ ನೋಡಿದರು. "ಗಾಡಿ ತಗೊಂಡು ಹೋದೋರು ಸಹಿ ಮಾಡಿದ್ರಾ?"

"ಮಾಡಿದ್ರು ಮಾವ."

"ಹಂಗಾದ್ರೆ ಡ್ಯೂಟಿ ಮುಗೀತು," ಎಂದು ಅವರು ಕಂಬಿ ಹಿಡಿದು, ಬೇರೆಯವನು ಓಡಿಸುವ ಬಸ್ಸು ಹತ್ತಿ, ಡ್ರೈವರ್ ಪಕ್ಕದ ಮೊದಲ ಸೀಟಿನಲ್ಲಿ ನೆಟ್ಟಗೆ ಕೂತರು.

ಬಸ್ಸು ಹೊರಟಿತು. ಒಂದು ಸ್ಟಾಪು ಮಾವ ರಸ್ತೆ ನೋಡಿದರು. ಎರಡನೆಯದಕ್ಕೆ ಡ್ರೈವರನ ಕಾಲು ನೋಡಿದರು. ಮೂರನೆಯದು ದಾಟಿದ ಮೇಲೆ ತಡೆಯಲಾಗದೆ ಲೆಕ್ಕಾಚಾರಿಯ ಕಡೆ ಬಾಗಿ, ಇಡೀ ಬಸ್ಸಿಗೆ ಕೇಳುವಂತೆ ಪಿಸುಗುಟ್ಟಿದರು: "ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾನೆ ನೋಡಿ ಅಳಿಯಂದ್ರೆ."

ಡ್ರೈವರ್ ಥಟ್ಟನೆ ಕಾಲು ತೆಗೆದ. ಕನ್ನಡಿಯಲ್ಲಿ ಅವರನ್ನು ನೋಡಿ ಕೇಳಿದ: "ಇನ್ನೇನ್ ತಪ್ಪಿದೆ ಅಣ್ಣಾ?"

"ಕೊನೇದಕ್ಕೆ ಇನ್ನೂ ಹದಿನಾಲ್ಕು ಸ್ಟಾಪಿದೆ," ಎಂದರು ಮಾವ, ಸೀಟಿನಲ್ಲಿ ಇನ್ನಷ್ಟು ಮುಂದೆ ಸರಿಯುತ್ತ. "ಒಂದೊಂದಾಗಿ ಹೇಳ್ತೀನಿ."